ಕತ್ತಲನ್ನು ಕಾಪಾಡುವ ಕೆಲಸ

ರಿಡ್ಲಿ ಸ್ಕಾಟ್ ನಿರ್ದೇಶನದ ‘ಏಲಿಯನ್’ (1979) ಹತ್ತಿರ ಹತ್ತಿರ ಎರಡು ಗಂಟೆಯ ಸಿನಿಮಾ. ಅದರಲ್ಲಿ ಆ ಅನ್ಯಲೋಕದ ಪ್ರಾಣಿ ಕಣ್ಣಿಗೆ ಬೀಳುವುದು ಕೆಲವೇ ನಿಮಿಷ, ಅದೂ ತುಣುಕು ತುಣುಕಾಗಿ. ಒಮ್ಮೆ ಬಾಲ, ಒಮ್ಮೆ ಜೊಲ್ಲು ಸುರಿಸುವ ಹಲ್ಲು, ಒಮ್ಮೆ ಬಾಹ್ಯಾಕಾಶ ಹಡಗಿನ ಕೊಳವೆಗಳ ನಡುವೆ ಇನ್ನೊಂದು ಕೊಳವೆಯೇ ಎನ್ನಿಸುವ ಉದ್ದನೆಯ ತಲೆ. ಮಿಕ್ಕ ಹೊತ್ತೆಲ್ಲ ನಮ್ಮನ್ನು ಹೆದರಿಸುವುದು ಕತ್ತಲು. ಇಂಥ ಚಿತ್ರವನ್ನು ಮನೆಯ ಟೀವಿಗಾಗಿ ಪುನರುದ್ಧಾರ ಮಾಡಲು ಕೂತವರ ಕೆಲಸ ಸುಲಭದ್ದಲ್ಲ. ಚಿತ್ರ ಸ್ಪಷ್ಟವಾಗಬೇಕು, ಆದರೆ ಅಡಗಿಸಿಟ್ಟದ್ದು ಅಡಗಿಯೇ ಇರಬೇಕು. ಚಿತ್ರಕ್ಕೆ 40 ವರ್ಷ ತುಂಬಿದ 2019ರಲ್ಲಿ ಬಂದ 4ಕೆ ಡಿಸ್ಕ್ ಈ ಎರಡನ್ನೂ ಸಾಧಿಸಿದೆ. ನಾನು ನೋಡಿದ ಪುನರುದ್ಧಾರಗಳಲ್ಲಿ ಇದನ್ನು ಅತ್ಯುತ್ತಮವಾದವುಗಳ ಸಾಲಿನಲ್ಲಿ ಇಡುತ್ತೇನೆ.

ಅದು ಯಾಕೆ ಎಂದು ತಿಳಿಯಲು, ಅದಕ್ಕೂ ಮೊದಲು ಮನೆಯಲ್ಲಿ ನೋಡುವವರಿಗೆ ಸಿಕ್ಕಿದ್ದೇನು ಎಂಬುದನ್ನು ನೆನೆಯಬೇಕು. ಛಾಯಾಗ್ರಾಹಕ ಡೆರೆಕ್ ವ್ಯಾನ್ಲಿಂಟ್ ಈ ಚಿತ್ರವನ್ನು ಅಗಲ ಪರದೆಗಾಗಿ ಸೆರೆಹಿಡಿದಿದ್ದರು. ಚೌಕಟ್ಟಿನ ಅಗಲ ಎತ್ತರದ 2.39ರಷ್ಟು. ವೀಡಿಯೊ ಕ್ಯಾಸೆಟ್ಟಿನ ಕಾಲದ ಟೀವಿ ಹೆಚ್ಚುಕಡಿಮೆ ಚೌಕಾಕಾರದ್ದು. ಅದನ್ನು ತುಂಬಿಸಲು ಚಿತ್ರದ ಎರಡೂ ಬದಿ ಕತ್ತರಿಸಿದರೆ ಶೇ. 44ರಷ್ಟು ಚಿತ್ರವೇ ಹೋಗುತ್ತಿತ್ತು. ‘ನಾಸ್ಟ್ರೋಮೊ’ ಹಡಗಿನ ಉದ್ದನೆಯ ಓಣಿಗಳಲ್ಲಿ ಒಬ್ಬಂಟಿ ಮನುಷ್ಯನನ್ನು ಒಂದು ಅಂಚಿಗೆ ನಿಲ್ಲಿಸಿ, ಇನ್ನೊಂದು ಅಂಚನ್ನು ಖಾಲಿ ಬಿಟ್ಟು, ನೋಡುಗರ ಕಣ್ಣು ಆ ಖಾಲಿಯನ್ನೇ ಹುಡುಕುವಂತೆ ಮಾಡುವುದು ಸ್ಕಾಟ್ ಅವರ ಕುಶಲತೆ. ಕ್ಯಾಸೆಟ್ಟಿನಲ್ಲಿ ಆ ಖಾಲಿಯೇ ಇರಲಿಲ್ಲ. ಡಿವಿಡಿ ಅಗಲವನ್ನು ಹಿಂದಿರುಗಿಸಿತು, ಆದರೆ ಕಪ್ಪು ಬಣ್ಣದ ಜಾಗದಲ್ಲೆಲ್ಲ ಸಣ್ಣ ಸಣ್ಣ ಚೌಕಗಳು ಎದ್ದು ಕಾಣುತ್ತಿದ್ದವು. 2010ರ ಬ್ಲೂ-ರೇ ಬಹಳ ಮುಂದೆ ಹೋಯಿತು. ಆದರೂ ಗಾಢ ನೆರಳಿನೊಳಗಿನ ಸೂಕ್ಷ್ಮ ವ್ಯತ್ಯಾಸಗಳನ್ನು ಹಿಡಿಯುವ ಶಕ್ತಿ ಆ ತಂತ್ರಕ್ಕೆ ಇರಲಿಲ್ಲ.

2019ರ ಡಿಸ್ಕಿನ ಕೆಲಸ ಮೂಲ ಕ್ಯಾಮೆರಾ ನೆಗೆಟಿವ್‌ನಿಂದಲೇ ಶುರುವಾಯಿತು. ಇದು ದೊಡ್ಡ ಮಾತು. ಅಂದಿನ ಚಿತ್ರಮಂದಿರಗಳಿಗೆ ಹೋಗುತ್ತಿದ್ದ ಪ್ರಿಂಟ್ ನೆಗೆಟಿವ್‌ನ ನೇರ ಮಗುವಲ್ಲ. ನಡುವೆ ಎರಡು ಪ್ರತಿಗಳು ತಯಾರಾಗಿ, ಅವುಗಳಿಂದ ಪ್ರಿಂಟ್ ಹೊರಬರುತ್ತಿತ್ತು, ಪ್ರತಿ ಹಂತದಲ್ಲೂ ಒಂದಿಷ್ಟು ವಿವರ ಸೋರಿಹೋಗುತ್ತಿತ್ತು. ನೆಗೆಟಿವ್ ಅನ್ನು ಸುಮಾರು 83 ಲಕ್ಷ ಪಿಕ್ಸೆಲ್‌ಗಳ 4ಕೆ ಚೌಕಟ್ಟಿಗೆ ಇಳಿಸಿದಾಗ, 1979ರ ಪ್ರೇಕ್ಷಕರಿಗೂ ಸಿಗದಿದ್ದ ವಿವರ ನಮಗೆ ಸಿಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಬೆಳಕಿನ ಹಂತಗಳು. ಹಳೆಯ ಬ್ಲೂ-ರೇಯಲ್ಲಿ ಒಂದೊಂದು ಮೂಲಬಣ್ಣಕ್ಕೆ 256 ಹಂತ, 10 ಬಿಟ್‌ನ ಹೊಸ ಡಿಸ್ಕಿನಲ್ಲಿ 1,024. ಹಗಲಿನ ದೃಶ್ಯಗಳೇ ತುಂಬಿರುವ ಸಿನಿಮಾದಲ್ಲಿ ಇದು ಅಷ್ಟಾಗಿ ಗೊತ್ತಾಗದು. ‘ಏಲಿಯನ್’ನಲ್ಲಿ ಇದರಿಂದಲೇ ಎಲ್ಲವೂ ಬದಲಾಗುತ್ತದೆ.

ಬ್ರೆಟ್ ಎಂಬ ಕೆಲಸಗಾರ ಬೆಕ್ಕನ್ನು ಹುಡುಕಿಕೊಂಡು ಹೋಗುವ ದೃಶ್ಯವನ್ನೇ ನೋಡಿ. ಎತ್ತರದ ಕೋಣೆ, ಮೇಲಿನಿಂದ ತೂಗುವ ಸರಪಳಿಗಳು, ತೊಟ್ಟಿಕ್ಕುವ ನೀರು. ಆತ ಟೋಪಿ ತೆಗೆದು ಆ ನೀರಿಗೆ ಮುಖವೊಡ್ಡುತ್ತಾನೆ. ಹಳೆಯ ಪ್ರತಿಗಳಲ್ಲಿ ಆತನ ಹಿಂದಿನ ಕಪ್ಪು ಒಂದೇ ಮುದ್ದೆ. ಇಲ್ಲಿ ಆ ಕಪ್ಪಿಗೆ ಆಳವಿದೆ. ಒದ್ದೆ ಕಬ್ಬಿಣದ ಹೊಳಪು, ಅದರ ಹಿಂದೆ ಮತ್ತೊಂದು ನೆರಳು, ಅದರಾಚೆಗೆ ಏನೋ ಇರಬಹುದೆಂಬ ಅನುಮಾನ. ಅಲ್ಲಿ ಏನೂ ಕಾಣದಷ್ಟು ಕತ್ತಲಿದ್ದರೆ ಕಣ್ಣು ಹುಡುಕುವುದನ್ನೇ ಬಿಟ್ಟುಬಿಡುತ್ತದೆ, ಎಲ್ಲವೂ ಕಾಣುವಷ್ಟು ಬೆಳಕಿದ್ದರೆ ಹುಡುಕಬೇಕಾಗಿಯೇ ಇಲ್ಲ. ಭಯ ಹುಟ್ಟುವುದು ಇವೆರಡರ ನಡುವಿನ ಇಕ್ಕಟ್ಟಿನ ಜಾಗದಲ್ಲಿ. ಬೆಳಕನ್ನು ಹೊಂದಿಸಿದವರು ಆ ಜಾಗವನ್ನು ಅರಿತು ಅಲ್ಲಿಯೇ ನಿಂತಿದ್ದಾರೆ. ಅನ್ಯಲೋಕದ ಮೊಟ್ಟೆಗಳ ಗುಹೆಯಲ್ಲಿ ಹರಡಿದ ನೀಲಿ ಲೇಸರ್ ಮಂಜು ಕೂಡ ಈಗ ಪಟ್ಟಿಪಟ್ಟಿಯಾಗಿ ಒಡೆಯದೆ ಒಂದೇ ಪದರವಾಗಿ ಕದಲುತ್ತದೆ.

ಇನ್ನು ಗ್ರೇನ್ ವಿಷಯ. ಫಿಲ್ಮಿನ ಮೇಲಿನ ಬೆಳ್ಳಿಯ ಲವಣದ ಹರಳುಗಳು ಬೆಳಕಿಗೆ ಸ್ಪಂದಿಸಿ, ಸಂಸ್ಕರಣೆಯ ನಂತರ ಬಣ್ಣದ ಸೂಕ್ಷ್ಮ ಚುಕ್ಕೆಗಳನ್ನು ಉಳಿಸಿ ಹೋಗುತ್ತವೆ. ನಾವು ನೋಡುವ ಮುಖ, ಗೋಡೆ, ಹೊಗೆ ಎಲ್ಲವೂ ಆ ಚುಕ್ಕೆಗಳಿಂದಲೇ ಆದದ್ದು. ಸೆಕೆಂಡಿಗೆ 24 ಫ್ರೇಮ್‌ಗಳಲ್ಲಿ ಪ್ರತಿ ಫ್ರೇಮಿನ ಚುಕ್ಕೆಗಳ ವಿನ್ಯಾಸವೂ ಬೇರೆ. ಆದ್ದರಿಂದ ನಿಶ್ಚಲ ಗೋಡೆಯೂ ತೆರೆಯ ಮೇಲೆ ಮೆಲ್ಲಗೆ ಮಿಸುಕುತ್ತದೆ. ಇದನ್ನು ಕೊಳೆಯೆಂದು ಭಾವಿಸಿ ಒರೆಸಲು ಹೋದರೆ ಚರ್ಮದ ರಂಧ್ರ, ಬಟ್ಟೆಯ ನೇಯ್ಗೆ, ಬೆವರಿನ ಹನಿ ಎಲ್ಲವೂ ಅದರ ಜೊತೆಗೇ ಹೋಗುತ್ತವೆ. ‘ಏಲಿಯನ್’ ತಂಡ ಗೀರು, ದೂಳಿನ ಕಲೆಗಳನ್ನು ತೆಗೆದು ಗ್ರೇನ್ ಅನ್ನು ಉಳಿಸಿಕೊಂಡಿತು. ನಾಯಕಿ ರಿಪ್ಲಿಯಾಗಿ ನಟಿಸಿದ ಸಿಗೋರ್ನಿ ವೀವರ್ ಅವರ ಮುಖದಲ್ಲಿ ಕೊನೆಯ ಭಾಗದ ದಣಿವು ನಮಗೆ ತಟ್ಟುವುದು ಇದರಿಂದಲೇ.

ಈ ಪ್ರಾಮಾಣಿಕತೆಗೆ ಬೆಲೆಯೂ ತೆರಬೇಕಾಗಿದೆ. ಎಚ್. ಆರ್. ಗೀಗರ್ ರೂಪಿಸಿದ ಪ್ರಾಣಿಯ ಉಡುಪಿನೊಳಗೆ ಹೆಚ್ಚಾಗಿ ಇದ್ದವರು ಬೊಲಾಜಿ ಬಡೇಜೊ ಎಂಬ ನೈಜೀರಿಯಾದ ಎತ್ತರದ ತರುಣ. ಕಡೆಯ ದೃಶ್ಯದಲ್ಲಿ ಪ್ರಾಣಿ ನೌಕೆಯಿಂದ ಹೊರಕ್ಕೆ ಎಸೆಯಲ್ಪಟ್ಟಾಗ, ಅದು ಉಡುಪು ತೊಟ್ಟ ಮನುಷ್ಯ ಎಂಬುದು ಹೊಸ ಪ್ರತಿಯಲ್ಲಿ ಮೊದಲಿಗಿಂತ ಸಲೀಸಾಗಿ ತಿಳಿಯುತ್ತದೆ. ಕಂಪ್ಯೂಟರಿನಲ್ಲಿ ಇದನ್ನು ಮರೆಮಾಚುವುದು ಕಷ್ಟವಿರಲಿಲ್ಲ. ಹಾಗೆ ಮಾಡದಿದ್ದುದು ಸರಿಯಾಯಿತು. ಆ ಕಾಲದವರು ಕೈಯಿಂದ ಕಟ್ಟಿದ್ದನ್ನು ಅದರ ಮಿತಿಗಳ ಸಮೇತ ಒಪ್ಪಿಸುವುದೇ ಪುನರುದ್ಧಾರ. ತಿದ್ದಿದರೆ ಅದು ಬೇರೊಂದು ಸಿನಿಮಾ.

ಇದಕ್ಕೆ ವಿರುದ್ಧವಾದ ದಾರಿಯೂ ನಮ್ಮ ಕಣ್ಣೆದುರಿಗೇ ಇದೆ. ‘ಪ್ರಿಡೇಟರ್’ (1987) ಚಿತ್ರದ 2010ರ ಬ್ಲೂ-ರೇಯಲ್ಲಿ ಗ್ರೇನ್ ಅನ್ನು ಎಷ್ಟು ತಿಕ್ಕಿದ್ದರೆಂದರೆ, ಕಾಡಿನಲ್ಲಿ ಬೆವರಿಳಿಸುವ ಸೈನಿಕರು ಮೇಣದ ಗೊಂಬೆಗಳಂತೆ ಕಂಡರು. ‘ಏಲಿಯನ್’ನ ಮುಂದಿನ ಭಾಗವಾದ ಜೇಮ್ಸ್ ಕ್ಯಾಮೆರಾನ್ ಅವರ ‘ಏಲಿಯನ್ಸ್’ (1986) 2024ರಲ್ಲಿ 4ಕೆ ಡಿಸ್ಕಾಗಿ ಬಂದಾಗ ಅದೇ ತಪ್ಪು ಇನ್ನೂ ಚುರುಕಾದ ಯಂತ್ರದ ನೆರವಿನಿಂದ ಮರುಕಳಿಸಿತು. ಕಲಿಕೆಯ ಸಾಮರ್ಥ್ಯವುಳ್ಳ ತಂತ್ರಾಂಶಗಳು ಗ್ರೇನ್ ಅಳಿಸಿ, ಅಲ್ಲಿರಬಹುದಾದ ವಿವರವನ್ನು ಊಹಿಸಿ ತುಂಬುತ್ತವೆ. ಹತ್ತಿರದ ಮುಖಗಳು ಚೂಪಾಗಿವೆ, ಹಿಂದೆ ನಿಂತವರ ಕಣ್ಣು, ಕೂದಲು ಮಾತ್ರ ಅಸಹಜವಾಗಿ ಗಟ್ಟಿಯಾಗಿವೆ. ಯುದ್ಧದ ಕೊಳಕು, ಹೊಗೆ, ಆತಂಕಗಳಿಂದಲೇ ಉಸಿರಾಡುವ ಚಿತ್ರಕ್ಕೆ ಈ ಸ್ವಚ್ಛತೆ ಹೊಂದುವುದಿಲ್ಲ.

ಇದಕ್ಕೆ ಕ್ಯಾಮೆರಾನ್ ಅವರೇ ಒಪ್ಪಿಗೆ ಕೊಟ್ಟಿದ್ದಾರಲ್ಲ, ನಿರ್ದೇಶಕನ ಮಾತೇ ಕೊನೆಯದಲ್ಲವೇ ಎಂದು ಕೇಳುವವರಿದ್ದಾರೆ. ಹಳೆಯ ಕೃತಿಯನ್ನು ಹೊಸದಾಗಿ ನೋಡುವ ಹಕ್ಕು ನಿರ್ದೇಶಕನಿಗೆ ಖಂಡಿತ ಇದೆ. ಆದರೆ ಲಕ್ಷಾಂತರ ಜನ ನೋಡಿ ಬೆಚ್ಚಿದ ಚಿತ್ರ ಅವರ ನೆನಪಿಗೂ, ಅದರ ಛಾಯಾಗ್ರಾಹಕನ ಶ್ರಮಕ್ಕೂ ಸೇರಿದ್ದು. ಇದಕ್ಕೆ ಪರಿಹಾರವನ್ನು ‘ಏಲಿಯನ್’ ಡಿಸ್ಕ್ ಆಗಲೇ ತೋರಿಸಿಕೊಟ್ಟಿದೆ. ಅದರಲ್ಲಿ 1979ರ ಆವೃತ್ತಿಯೂ ಇದೆ, ಸ್ಕಾಟ್ 2003ರಲ್ಲಿ ಮರುಸಂಕಲನ ಮಾಡಿದ ಆವೃತ್ತಿಯೂ ಇದೆ. ಹೊಸದು ಹಳೆಯದನ್ನು ಅಳಿಸಿಲ್ಲ.

ಈ ಚರ್ಚೆ ಹಾಲಿವುಡ್ಡಿಗಷ್ಟೇ ಸೇರಿದ್ದೂ ಅಲ್ಲ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) 4ಕೆಯಲ್ಲಿ ಪುನರುದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಇನ್ನಷ್ಟು ಕನ್ನಡ ಚಿತ್ರಗಳಿಗೆ ಆ ಭಾಗ್ಯ ಬರಲಿ. ಬಂದಾಗ, ಯಾವ ನೆಗೆಟಿವ್ ಬಳಸಿದಿರಿ, ಏನನ್ನು ತೆಗೆದಿರಿ, ಏನನ್ನು ಸೇರಿಸಿದಿರಿ ಎಂದು ಕೇಳುವ ತಿಳಿವಳಿಕೆ ನೋಡುಗರಾದ ನಮಗೂ ಇರಬೇಕು.

ಮನೆಯಲ್ಲಿ ‘ಏಲಿಯನ್’ ನೋಡುವವರಿಗೆ ನನ್ನ ಸಲಹೆ ಸರಳ. ಸಾಧ್ಯವಿದ್ದರೆ ಡಿಸ್ಕಿನಲ್ಲೇ ನೋಡಿ. ಇಂಟರ್ನೆಟ್ಟಿನಲ್ಲಿ ಹರಿದು ಬರುವ ಚಿತ್ರದಲ್ಲಿ ದತ್ತಾಂಶವನ್ನು ಹಿಂಡುವಾಗ ಮೊದಲು ಬಲಿಯಾಗುವುದು ಗ್ರೇನ್ ಮತ್ತು ನೆರಳು. ಟೀವಿಯಲ್ಲಿ ಚಲನೆಯನ್ನು ನುಣುಪು ಮಾಡುವ, ಗ್ರೇನ್ ಒರೆಸುವ ಸೌಲಭ್ಯಗಳನ್ನು ಬಂದ್ ಮಾಡಿ, ಕೋಣೆಯ ದೀಪ ಆರಿಸಿ. ಪುನರುದ್ಧಾರ ಮಾಡಿದವರು ಜೋಪಾನವಾಗಿ ಉಳಿಸಿಕೊಟ್ಟಿದ್ದನ್ನು ನಮ್ಮದೇ ಟೀವಿ ಕೆಡಿಸದಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.