ಕೊಣ್ಣೂರಿಗೆ ಬೇಕಾದ 90 ತಾಸು

ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ದಿನಕ್ಕೆ ಹಲವು ತಾಸಿನಂತೆ ಎರಡು-ಮೂರು ವಾರ ಸತತವಾಗಿ ಕೊಡುವ ತೀವ್ರ ಚಲನ ಚಿಕಿತ್ಸೆಯನ್ನು ದೊಡ್ಡ ಊರುಗಳ ಕೇಂದ್ರಗಳು ಈಗ ಪ್ಯಾಕೇಜ್ ಲೆಕ್ಕದಲ್ಲಿ ಮಾರುತ್ತಿವೆ. ಈ ಪದ್ಧತಿಯಲ್ಲಿ ತಿರುಳಿದೆ ಎಂಬುದು ನನ್ನ ಅಭಿಪ್ರಾಯ. ಆದರೆ ಆ ತಿರುಳಿಗೂ ಮಾರಾಟವಾಗುತ್ತಿರುವ ಸರಕಿಗೂ ಬಹಳ ಅಂತರವಿದೆ. ಗೋಕಾಕ ತಾಲೂಕಿನ ಕೊಣ್ಣೂರಿನಂಥ ಊರಿನ ಮನೆಯಲ್ಲಿ ಕೂತು ನೋಡಿದರೆ ಆ ಅಂತರ ಎದ್ದು ಕಾಣುತ್ತದೆ.

ಮೊದಲು ಪದ್ಧತಿಯ ಬಲ ಏನೆಂದು ಹೇಳಬೇಕು. ದೇಹದ ಒಂದು ಪಕ್ಕ ಮಾತ್ರ ಬಿಗಿದಿರುವ ಮಗು ಎಲ್ಲ ಕೆಲಸವನ್ನೂ ಚಲೋ ಇರುವ ಕೈಯಿಂದಲೇ ಮುಗಿಸುತ್ತದೆ. ಇನ್ನೊಂದು ಕೈ ಇದ್ದೂ ಇಲ್ಲದಂತಾಗುತ್ತದೆ. ಅಮೆರಿಕದ ಎಡ್ವರ್ಡ್ ಟಾಬ್ ಅವರ ಪ್ರಯೋಗಗಳಿಂದ ಬೆಳೆದ ಒಂದು ವಿಧಾನದಲ್ಲಿ ಚಲೋ ಕೈಗೆ ಚೀಲ ಅಥವಾ ಪಟ್ಟಿ ಕಟ್ಟಿ, ಸೋತ ಕೈಯಿಂದಲೇ ಆಡಿಸುತ್ತಾರೆ. ಇನ್ನೊಂದು ವಿಧಾನದಲ್ಲಿ ಯಾವ ಕೈಯನ್ನೂ ಕಟ್ಟುವುದಿಲ್ಲ, ಎರಡೂ ಕೈ ಬೇಕೇ ಬೇಕು ಅನ್ನುವಂಥ ಆಟಗಳನ್ನು ಆಡಿಸುತ್ತಾರೆ. 2011ರಲ್ಲಿ ಆಂಡ್ರ್ಯೂ ಗಾರ್ಡನ್ ಮತ್ತು ಸಂಗಡಿಗರು 42 ಮಕ್ಕಳಲ್ಲಿ ಇವೆರಡನ್ನೂ ಹೋಲಿಸಿ ನೋಡಿದರು. ದಿನಕ್ಕೆ 6 ತಾಸು, 15 ದಿನ, ಒಟ್ಟು 90 ತಾಸು. ಎರಡೂ ಗುಂಪಿನ ಮಕ್ಕಳು ಸುಧಾರಿಸಿದರು, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಅಂದರೆ ಕೈ ಕಟ್ಟುವುದೋ ಬಿಡುವುದೋ ಎಂಬುದಕ್ಕಿಂತ ಮಗು ತಾನೇ ಎಷ್ಟು ಹೊತ್ತು ಕೈಯಾಡಿಸಿತು ಎಂಬುದೇ ಮುಖ್ಯ.

ಆ 90 ತಾಸನ್ನು ನಮ್ಮ ಕಡೆಯ ಅಳತೆಗೆ ತಂದು ನೋಡೋಣ. ವಾರಕ್ಕೊಮ್ಮೆ ಅರ್ಧ ತಾಸು ಫಿಸಿಯೋಥೆರಪಿ ಸಿಗುವ ಮಗುವಿಗೆ ಅಷ್ಟು ತುಂಬಲು ಮೂರೂವರೆ ವರ್ಷ ಬೇಕು. ಅದೂ ಒಂದು ವಾರವೂ ತಪ್ಪದಿದ್ದರೆ. ಕೊಣ್ಣೂರಿನಿಂದ ಬೆಳಗಾವಿಗೆ ಸುಮಾರು 60 ಕಿ.ಮೀ. 2023ರ ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ ಬಸ್ಸಿನ ಖರ್ಚು ಉಳಿದಿದೆ ನಿಜ. ಆದರೆ ಆರೇಳು ವರ್ಷದ, ಕಾಲು ಬಿಗಿದ ಕೂಸನ್ನು ಬಗಲಲ್ಲಿ ಹೊತ್ತು ಬಸ್ಸು ಹತ್ತಿಳಿಯುವ ಶ್ರಮ ಉಳಿದಿಲ್ಲ, ಆ ದಿನದ ಕೂಲಿಯೂ ಉಳಿದಿಲ್ಲ. ಇಷ್ಟು ಕಷ್ಟಪಟ್ಟು ಹೋದಲ್ಲಿ ಮಗುವನ್ನು ಮಲಗಿಸಿ ಕೈಕಾಲು ಎಳೆದು, 'ಕರೆಂಟ್' ಕೊಟ್ಟು ಕಳಿಸಿದರೆ ಆ ದಿನ ದಂಡವಾದಂತೆಯೇ. ಬೇರೆಯವರು ಎಳೆದಾಡಿದರೆ ಮಗುವಿನ ಮಿದುಳು ಕಲಿಯುವುದಿಲ್ಲ. ಇಯೋನಾ ನೋವಾಕ್ ಮತ್ತು ಸಂಗಡಿಗರು 2013ರಲ್ಲೂ 2020ರಲ್ಲೂ ಈ ಕ್ಷೇತ್ರದ ಸಂಶೋಧನೆಯನ್ನೆಲ್ಲ ಜಾಲಾಡಿ ತೂಗಿದಾಗ, ಮಗು ತಾನಾಗಿ ಗುರಿ ಇಟ್ಟು ಮಾಡುವ ಅಭ್ಯಾಸಕ್ಕೆ ಹಸಿರು ದೀಪ ಸಿಕ್ಕಿತು. ಮಗು ಸುಮ್ಮನಿದ್ದು ಮಾಡಿಸಿಕೊಳ್ಳುವ ವಿಧಾನಗಳು ಹಿಂದೆ ಬಿದ್ದವು.

ಸ್ಥಿತಿಸ್ಥಾಪಕ ಹಗ್ಗ ಬಿಗಿದ ವಿಶೇಷ ಅಂಗಿಯ ಚಿಕಿತ್ಸೆ ಇದೆಯಲ್ಲ, ಪ್ಯಾಕೇಜುಗಳಲ್ಲಿ ಕಣ್ಣು ಸೆಳೆಯುವುದು ಅದೇ. 2011ರಲ್ಲಿ ಅಮೆರಿಕದಲ್ಲಿ 20 ಮಕ್ಕಳಿಗೆ ಒಂದೇ ಬಗೆಯ ತೀವ್ರ ವ್ಯಾಯಾಮ ಕೊಟ್ಟು, ಅರ್ಧ ಮಕ್ಕಳಿಗೆ ನಿಜವಾದ ಅಂಗಿ, ಉಳಿದವರಿಗೆ ತೋರಿಕೆಯ ಅಂಗಿ ತೊಡಿಸಿ ನೋಡಿದರು. ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಸಾಲ ಮಾಡಿ ಅಂಗಿಗೆ ದುಡ್ಡು ಸುರಿಯುವ ತಂದೆತಾಯಿಗೆ ಇದನ್ನು ಮೊದಲೇ ಹೇಳದಿರುವುದು ಅನ್ಯಾಯ.

ಹಾಗಾದರೆ ಒಳ್ಳೆಯ ಅಭ್ಯಾಸ ಹೇಗಿರುತ್ತದೆ? ಶೇಂಗಾ ಸುಲಿಯುವುದನ್ನೇ ತೆಗೆದುಕೊಳ್ಳಿ. ಬಲಗೈ ಬಿಗಿದ ಹುಡುಗಿ, ಹೆಬ್ಬೆರಳು ಮುಷ್ಟಿಯೊಳಗೆ ಮಡಚಿಕೊಂಡಿದೆ. ಕಾಯಿಯನ್ನು ಆ ಕೈ ಹಿಡಿದಿರಬೇಕು, ಎಡಗೈ ಮೂತಿಯನ್ನು ಒತ್ತಿ ಒಡೆಯಬೇಕು. ಮೊದಲ ದಿನ ಮುಂಚೆಯೇ ಬಿರುಕು ಬಿಡಿಸಿದ ದಪ್ಪ ಕಾಯಿ ಕೊಡುತ್ತಾರೆ. ಹಿಡಿತ ಬಂದ ಮೇಲೆ ಬಿರುಕಿಲ್ಲದ್ದು, ಆಮೇಲೆ ಸಣ್ಣದು. ಕೈ ಜಾರಿ ಕಾಯಿ ಬಿದ್ದರೆ ತಾಯಿ ಎತ್ತಿಕೊಡುವುದಿಲ್ಲ, ಹುಡುಗಿಯೇ ಬಗ್ಗಿ ಎತ್ತಬೇಕು. ಬೀಜ ಪರಾತಕ್ಕೆ ಬಿದ್ದ ಸದ್ದು ಕೇಳಿದರೆ ಅವಳಿಗೆ ಮತ್ತೊಂದು ಸುಲಿಯುವ ಆಸೆ. ಒಂದು ತಾಸಿನಲ್ಲಿ ಆ ಬಲಗೈ ನೂರಾರು ಸಲ ಬಿಗಿದು ಸಡಿಲಾಗುತ್ತದೆ. (ನುಂಗಲು ತೊಂದರೆ ಇರುವ ಮಕ್ಕಳ ಮುಂದೆ ಶೇಂಗಾ ಇಡಬಾರದು. ಅವರಿಗೆ ಗೋಕಾಕದ ಬಣ್ಣದ ಕಟ್ಟಿಗೆ ಹಣ್ಣುಗಳೇ ಸಾಕು.) ನಮ್ಮ ಮನೆಗಳಲ್ಲಿ ಊಟ, ಆಟ, ನಿದ್ದೆ ಎಲ್ಲ ನೆಲದ ಮೇಲೆ. ಕುರ್ಚಿಯಿಂದ ಏಳುವುದನ್ನು ಕಲಿತ ಮಗು ಮನೆಗೆ ಬಂದು ನೆಲದಿಂದ ಏಳಲಾರದೆ ಕೂತರೆ ಆ ಕಲಿಕೆ ಅರ್ಧವೇ. ರೊಟ್ಟಿ ಮುರಿಯುವುದು, ಚಡ್ಡಿ ಏರಿಸಿಕೊಳ್ಳುವುದು, ಹೊಸ್ತಿಲು ದಾಟುವುದು: ಗುರಿಗಳು ಹೀಗಿರಬೇಕು, ಅವನ್ನು ಮಗುವೂ ಮನೆಯವರೂ ಆರಿಸಬೇಕು. ಇಂಥ ಒಂದು ನಿರ್ದಿಷ್ಟ ಕೈಕೆಲಸ ಕಲಿಯಲು ಮನೆಯ ಅಭ್ಯಾಸವೂ ಸೇರಿ 14ರಿಂದ 25 ತಾಸಿಗಿಂತ ಹೆಚ್ಚು ಬೇಕು ಎಂದು 2020ರ ಒಂದು ಪರಿಶೀಲನೆ ಹೇಳಿದೆ. 90 ತಾಸು ಕೇಳಿ ಎದೆ ನಡುಗಿದವರಿಗೆ ಈ ಸಂಖ್ಯೆ ಧೈರ್ಯ ಕೊಡಬೇಕು.

"ನಮ್ಮ ಕೂಸು ನಡೀತೈತೇನ್ರಿ?" ಎಲ್ಲ ತಾಯಂದಿರ ಪ್ರಶ್ನೆ ಇದೇ. ಪ್ರಾಮಾಣಿಕ ಉತ್ತರ ಮಗುವಿನಿಂದ ಮಗುವಿಗೆ ಬೇರೆ. ಈ ಮಕ್ಕಳ ಚಲನ ಸಾಮರ್ಥ್ಯವನ್ನು ಐದು ಹಂತಗಳಲ್ಲಿ ಅಳೆಯುತ್ತಾರೆ. ಕತ್ತು ನಿಲ್ಲದ ಐದನೇ ಹಂತದ ಮಗುವಿಗೆ ಎಷ್ಟು ತಾಸು ಕೊಟ್ಟರೂ ಸ್ವತಂತ್ರ ನಡಿಗೆ ಬರುವುದಿಲ್ಲ. ಅದಕ್ಕೆ ಬೇಕಾದದ್ದು ಸರಿಯಾಗಿ ಕೂರಿಸುವ ಕುರ್ಚಿ, ಸುರಕ್ಷಿತವಾಗಿ ಉಣಿಸುವ ಕ್ರಮ, ಸೊಂಟದ ಕೀಲು ಜಾರದಂತೆ ಕಾಲಕಾಲಕ್ಕೆ ಎಕ್ಸ್‌ರೇ. ಆ ಮಗುವಿಗೂ ನಡಿಗೆಯ ಆಸೆ ತೋರಿಸಿ ಹಣ ಪಡೆಯುವವರನ್ನು ಕ್ಷಮಿಸಲು ನನ್ನಿಂದಾಗದು.

ಮನೆಯಲ್ಲೇ ಮಾಡಿಸಿ ಎಂದು ಹೊರೆಯನ್ನೆಲ್ಲ ತಾಯಿಯ ಮೇಲೆ ಹೇರುವುದೂ ಸರಿಯಲ್ಲ. ಅವಳಿಗೆ ಅಡುಗೆ, ನೀರು, ದಗದ ಎಲ್ಲ ಇವೆ. 2009ರ ನೋವಾಕ್ ಅವರ ಮನೆ ಅಭ್ಯಾಸದ ಪರೀಕ್ಷೆಯಲ್ಲಿ ಪೋಷಕರು ಮಾಡಿಸಿದ್ದು ತಿಂಗಳಿಗೆ ಹದಿನೇಳೆಂಟು ಸಲ, ಸಲಕ್ಕೆ ಸುಮಾರು 17 ನಿಮಿಷ. ಎಂಟು ವಾರದಲ್ಲೇ ಫಲ ಕಂಡಿತು. ಆದರೆ ಆ ಪೋಷಕರ ಬೆನ್ನಿಗೆ ತರಬೇತಾದ ಥೆರಪಿಸ್ಟ್ ಇದ್ದರು. ನಮ್ಮಲ್ಲಿ ಕೊರತೆ ಇರುವುದು ಅಲ್ಲಿಯೇ.

ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರ ಹೆಚ್ಚಿನ ದಿನಗಳು ಪಿಂಚಣಿ, ಗುರುತಿನ ಚೀಟಿಯ ಕಾಗದಪತ್ರಗಳಲ್ಲೇ ಕಳೆಯುತ್ತವೆ. ದಸರಾ ರಜೆಯಲ್ಲಿ ಸರಕಾರಿ ಶಾಲೆಯ ಕೋಣೆಗಳು ಖಾಲಿ ಇರುತ್ತವೆ. ಬೆಳಗಾವಿಯಲ್ಲಿ ಫಿಸಿಯೋಥೆರಪಿ ಕಾಲೇಜಿದೆ, ಕಲಿಯುವ ವಿದ್ಯಾರ್ಥಿಗಳಿದ್ದಾರೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಹತ್ತಾರು ಮಕ್ಕಳನ್ನು ಕೊಣ್ಣೂರಿನ ಒಂದು ಶಾಲೆಯಲ್ಲಿ ಸೇರಿಸಿ, ದಿನಕ್ಕೆ ಮೂರು ತಾಸಿನಂತೆ ಹತ್ತು ದಿನ ಆಡಿಸಿದರೆ 30 ತಾಸಾಯಿತು. ಉಳಿದದ್ದನ್ನು ಮನೆಯಲ್ಲಿ ತುಂಬಿಸಲು ಕಾರ್ಯಕರ್ತರು ವಾರಕ್ಕೊಮ್ಮೆ ಬಂದು ಹೋಗಲಿ.

ಜಿಲ್ಲಾ ಪಂಚಾಯಿತಿ, ಆರೋಗ್ಯ ಇಲಾಖೆ, ಶಿಕ್ಷಣ ಇಲಾಖೆ ಒಟ್ಟಿಗೆ ಕೂತರೆ ಬರುವ ದಸರೆಗೇ ಇದು ಆರಂಭವಾಗಬಹುದು. ಅಲ್ಲಿಯವರೆಗೆ ಪೋಷಕರಿಗೊಂದು ಮಾತು: ಯಾವ ಪ್ಯಾಕೇಜಿಗೆ ದುಡ್ಡು ಕಟ್ಟುವ ಮೊದಲೂ, ಇದು ಮುಗಿದ ಮೇಲೆ ನಮ್ಮ ಮಗು ಮನೆಯಲ್ಲಿ ಯಾವ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ ಎಂದು ಕೇಳಿ. ಸ್ಪಷ್ಟ ಉತ್ತರ ಸಿಗದಿದ್ದರೆ ದುಡ್ಡು ಕಟ್ಟಬೇಡಿ.