ಎಲುಬಿರುವ ಗೆರೆ

ಬಾದಾಮಿಯ ಮೂರನೆಯ ಗುಹೆಗೆ ಬಂದವರು ತ್ರಿವಿಕ್ರಮನನ್ನು, ನರಸಿಂಹನನ್ನು, ಶೇಷನ ಮೇಲೆ ಕೂತ ವಿಷ್ಣುವನ್ನು ನೋಡಿ ನಾಲ್ಕನೆಯದಕ್ಕೆ ಹೋಗುತ್ತಾರೆ. ನಾನು ಪಡಸಾಲೆಯ ಅಂಚಿನಲ್ಲೇ ನಿಂತುಬಿಡುತ್ತೇನೆ. ಕತ್ತು ಹಿಂದಕ್ಕೆ ಚೆಲ್ಲಿ, ಮುಂಚಾಚಿದ ಕಲ್ಲುಸೂರಿನ (ಕಪೋತದ) ಒಳಬಾಗಿನಲ್ಲಿ ಉಳಿದ ಚಿತ್ರವನ್ನು ನೋಡುತ್ತೇನೆ. ಮೊದಲಿಗೆ ಕಾಣುವುದು ಬರೀ ಕಲೆ: ಮಾಸಿದ ಹಸಿರು, ಒಣಗಿದ ಕಾವಿ, ಉದುರಿದ ಗಾರೆ. ಕಣ್ಣಿಗೆ ಅವಸರ ಮಾಡಬಾರದು. ನಿಂತಷ್ಟು ಹೊತ್ತಿಗೆ ಒಂದು ಹುಬ್ಬು ಮೂಡುತ್ತದೆ, ಹುಬ್ಬಿನ ಕೆಳಗೆ ಅರೆಮುಚ್ಚಿದ ರೆಪ್ಪೆ, ಆಮೇಲೆ ಕುಣಿಯುವವರ ಒಂದು ತೋಳು.

ಈ ಗುಹೆಯ ಶಾಸನ ಕ್ರಿ.ಶ. 578ರದು. ಅಣ್ಣ ಕೀರ್ತಿವರ್ಮ ಆಳುತ್ತಿದ್ದಾಗ ತಮ್ಮ ಮಂಗಲೇಶ ಮಾಡಿಸಿದ್ದು. ಚಿತ್ರದಲ್ಲಿರುವುದು ಇಂದ್ರನ ಸಭೆಯೋ ಶಿವನ ಮದುವೆಯೋ ಎಂದು ವಿದ್ವಾಂಸರು ಚರ್ಚಿಸಿದ್ದಾರೆ. ನನಗೆ ಆ ತೋಳೇ ಸಾಕು. ಹೆಗಲಿನಿಂದ ಮೊಣಕೈವರೆಗೆ ಇಳಿದ ಗೆರೆ ಎಲ್ಲೂ ತಡವರಿಸಿಲ್ಲ. ತಿರುವಿನಲ್ಲಿ ತುಸು ದಪ್ಪವಾಗಿ, ಮುಂದೆ ಸಣ್ಣಗಾಗಿ, ಉಸಿರು ಬಿಟ್ಟ ಹಾಗೆ ಮುಗಿದಿದೆ.

ಅದೇ 6ನೇ ಶತಮಾನದಲ್ಲಿ ಚೀನದ ಷಿಯೆ ಹೆ ಚಿತ್ರಕಲೆಗೆ ಆರು ಸೂತ್ರ ಬರೆದ. ಮೊದಲನೆಯದು ಪ್ರಾಣದ ಲಯ. ಅದು ಮಿಡಿದರೆ ಚಿತ್ರ ಜೀವಂತ. ಎರಡನೆಯದು ಕುಂಚ ಹಿಡಿಯುವ ಬಗೆ, ಗೆರೆಗೆ ಎಲುಬಿರಬೇಕೆಂಬ ಮಾತು. ಬಾದಾಮಿಯ ಚಿತ್ರಕಾರ ಅದನ್ನು ಕೇಳಿರಲಾರ. ಆದರೂ ಬಣ್ಣದ ಮಾಂಸವೆಲ್ಲ ಕರಗಿದ ಮೇಲೆ ಇಲ್ಲಿ ಉಳಿದಿರುವುದು ಆ ಎಲುಬೇ.

ಚೀನ, ಜಪಾನಿನ ಮಸಿಚಿತ್ರಗಳಲ್ಲಿ ಅರ್ಧ ಹಾಳೆ ಖಾಲಿ ಇರುತ್ತದೆ. ಅದು ಮಂಜು, ನೀರು, ಆಕಾಶ, ಬೇಕೆಂದೇ ಬಿಟ್ಟದ್ದು. ಬಾದಾಮಿಯ ಖಾಲಿಯೋ ಕಾಲ ಕಿತ್ತುಕೊಂಡದ್ದು. ಎರಡನ್ನೂ ಒಂದೇ ಎನ್ನುವುದು ತಪ್ಪು, ಇಲ್ಲಿಯದು ನಷ್ಟವೇ. ಆದರೆ ನೋಡುವವನಿಗೆ ಎರಡೂ ಕಡೆ ಒಂದೇ ಕೆಲಸ: ಇಲ್ಲದ್ದನ್ನು ಒಳಗಣ್ಣಿನಲ್ಲಿ ಬರೆದುಕೊಳ್ಳುವುದು.

ಊರ ಹೊರಗಿನ ಗುಡ್ಡದ ದಾರಿ ಹಿಡಿದು ನಡೆದರೆ ಸಿಡಿಲಪಡಿ. ಅಲ್ಲಿ ಚಾಲುಕ್ಯರಿಗಿಂತ ಎಷ್ಟೋ ಹಿಂದಿನವರು ಬಂಡೆಯ ಮೇಲೆ ಕೆಮ್ಮಣ್ಣಿನಲ್ಲಿ ಪ್ರಾಣಿಗಳನ್ನು, ಮನುಷ್ಯರನ್ನು ಬರೆದಿದ್ದಾರೆ. ಮಸಿಚಿತ್ರದ ಹಾಳೆ ಮಸಿಯನ್ನು ಕೂಡಲೇ ಹೀರುತ್ತದೆ, ತಿದ್ದಲು ಬಾರದು. ಬಂಡೆಯ ಈ ಗೆರೆಗಳಲ್ಲೂ ನನಗೆ ಕಾಣುವುದು ಆ ಧೈರ್ಯ: ಒಮ್ಮೆ ಎಳೆದರೆ ಆಯಿತು.

ಇಂಥ ಗೆರೆಯನ್ನು ಸ್ಫೂರ್ತಿ ಎಂದು ಸುಮ್ಮನಾಗುವವರಿಗೆ ನಾನು ಇಳಕಲ್ಲಿನ ನೇಕಾರರ ಮನೆ ತೋರಿಸುತ್ತೇನೆ. ಅಲ್ಲಿ ಸೀರೆಯ ಒಡಲಿನ ಹಾಸು ನೂಲಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಸೇರಿಸುತ್ತಾರೆ, ಎಳೆಗೆ ಎಳೆ. ನುರಿತ ಹೆಂಗಸು ಮಾತಾಡುತ್ತ, ಬಾಗಿಲ ಕಡೆ ನೋಡುತ್ತ ಕೊಂಡಿ ಹಾಕುತ್ತಾಳೆ. ಬೆರಳು ತನ್ನಷ್ಟಕ್ಕೆ ನಡೆಯುತ್ತದೆ. ಸಾವಿರ ಸಲ ಮಾಡಿದ ಕೈಗೆ ಮಾತ್ರ ಆ ಮರೆವು ದಕ್ಕುತ್ತದೆ. ಬಿದಿರಿನ ಒಂದು ಎಲೆಗಾಗಿ ವರ್ಷಗಟ್ಟಲೆ ಕುಂಚ ಹಿಡಿದ ಪೂರ್ವದ ಗುರುಗಳಿಗೂ ಆ ಹೆಂಗಸಿಗೂ ಬಳಗ ಒಂದೇ.

ಜಪಾನಿನ ನೀರು ನಮ್ಮ ನಾಡಿಗೂ ಹರಿದಿದೆ. 1903ರಲ್ಲಿ ತೈಕಾನ್, ಶುನ್ಸೊ ಎಂಬ ಚಿತ್ರಕಾರರು ಕಲ್ಕತ್ತೆಗೆ ಬಂದರು. ಅವರಿಂದ ಅವನೀಂದ್ರನಾಥ ಠಾಕೂರರು ಬಣ್ಣ ಹಚ್ಚಿ, ನೀರಲ್ಲಿ ತೋಯಿಸಿ, ಮತ್ತೆ ಹಚ್ಚುವ ತೆಳುಬಣ್ಣದ ರೀತಿ ಬೆಳೆಸಿಕೊಂಡರು. ಅವನೀಂದ್ರನಾಥರ ಬಳಿ ಕಲಿತವರು ಮೈಸೂರಿನ ಕೆ. ವೆಂಕಟಪ್ಪ. ಅವರ ಊಟಿಯ ಜಲವರ್ಣಗಳಲ್ಲಿ ಮಂಜು ಹಾಳೆಯೊಳಗಿಂದಲೇ ಏಳುತ್ತದೆ.

ಕಳೆದ ಸಲ ಗುಹೆಯಲ್ಲಿದ್ದಾಗ ಮಳೆ ಹಿಡಿಯಿತು. ಅಗಸ್ತ್ಯತೀರ್ಥದ ಆಚೆಯ ಕೆಂಪು ಬಂಡೆ ಕರಗಿ, ಭೂತನಾಥನ ಗುಡಿಯ ಶಿಖರವಷ್ಟೇ ಉಳಿಯಿತು. ತಿರುಗಿ ಮೇಲೆ ನೋಡಿದೆ. ತೋಳು ಹಾಗೇ ಚಾಚಿತ್ತು. ಅದರ ತುದಿಯಲ್ಲಿ ಅಂಗೈ ಅಳಿಸಿಹೋಗಿತ್ತು, ಮುದ್ರೆ ಮಾತ್ರ ಕಂಡಿತು.