ಕನ್ನಗಳ್ಳನ ಆಟ

ಕಳವೂ ಒಂದು ವಿದ್ಯೆಯೆಂಬುದನ್ನು ನಮ್ಮ ಹಿಂದಿನವರು ಬಲ್ಲರು. ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಯ ಗೋಡೆಗೆ ಕನ್ನ ಕೊರೆಯುವ ಸೊಗಸನ್ನು ಓದಿದ ಯಾರೂ ಇದನ್ನು ಅಲ್ಲಗಳೆಯಲಾರರು. ಕನ್ನದ ಆಕಾರ ಹೇಗಿದ್ದರೆ ಚೆಂದವೆಂದು ಆತ ಶಿಲ್ಪಿಯಂತೆ ಯೋಚಿಸುತ್ತಾನೆ. ಅಳತೆಯ ದಾರವನ್ನು ಮರೆತು ಬಂದುದರಿಂದ ಜನಿವಾರವನ್ನೇ ಅಳತೆಗೆ ಬಳಸುತ್ತಾನೆ. ಆದರೆ ಒಳಹೊಕ್ಕ ಮೇಲೆ ಅವನ ಕಣ್ಣಿಗೆ ಬೀಳುವುದೇನು? ಮೃದಂಗ, ವೀಣೆ, ಒಂದಷ್ಟು ಪುಸ್ತಕ, ಮಲಗಿ ನಿದ್ರಿಸುತ್ತಿರುವ ಇಬ್ಬರು ಮನುಷ್ಯರು. ಇದು ಬಡವರ ಮನೆಯೆಂದು ಅವನಿಗೆ ಹೊಳೆಯುತ್ತದೆ. ಹಿಂದಿರುಗಿ ಹೋಗೋಣವೆಂದೂ ಅನ್ನಿಸುತ್ತದೆ. ಕಳ್ಳನು ಮನೆಯನ್ನು ಕಂಡನು. ಆದುದರಿಂದಲೇ ಅವನು ನಮಗೆ ಬರಿಯ ಕಳ್ಳನಾಗಿ ಉಳಿಯಲಿಲ್ಲ.

ಗೋಡೆಯೂ ಇಲ್ಲದ, ಮಲಗಿದವರೂ ಕಾಣದ ಮನೆಗೆ ಕನ್ನ ಹಾಕುವವನ ಗತಿಯೇನು? ಕಂಪ್ಯೂಟರ್ ಯುಗದ ಕಳ್ಳನನ್ನು ಕುರಿತ ಈ ಪ್ರಶ್ನೆಯನ್ನು ಒಂದು ಹಳೆಯ ಆಟ, ತಾನು ಕೇಳುತ್ತಿದ್ದೇನೆಂಬ ಸೋಗಿಲ್ಲದೆಯೇ, ಕೇಳಿಬಿಟ್ಟಿದೆ. ಆಟದ ಹೆಸರು ‘ಅಪ್‌ಲಿಂಕ್’. 2001ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಇದನ್ನು ರಚಿಸಿದುದು ಇಂಟ್ರೋವರ್ಷನ್ ಸಾಫ್ಟ್‌ವೇರ್ ಎಂಬ ಪುಟ್ಟ ಸಂಸ್ಥೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಗೆಳೆಯರಾದ ಕ್ರಿಸ್ ಡಿಲೇ, ಮಾರ್ಕ್ ಮಾರಿಸ್ ಮತ್ತು ಥಾಮಸ್ ಅರುಂಡೆಲ್ ಅದನ್ನು ಕಟ್ಟಿದವರು. ದೊಡ್ಡ ಪ್ರಕಾಶಕರ ಹಂಗಿಲ್ಲದೆ ಮಲಗುವ ಕೋಣೆಯಲ್ಲಿ ಕುಳಿತು ಆಟಗಳನ್ನು ಬರೆಯುತ್ತಿದ್ದ ಪೀಳಿಗೆಯ ಕೊನೆಯವರು ತಾವೆಂದು ಅವರು ಹೇಳಿಕೊಳ್ಳುತ್ತಿದ್ದರು. ಆಟದ ಕಾಲ 2010. ಅಂದು ಅದು ಭವಿಷ್ಯ. ಇಂದು ಅದೂ ಕಳೆದುಹೋದ ಕಾಲ. ಆದರೂ ಆಟ ಹಳಸಿಲ್ಲ.

ಇದರಲ್ಲಿ ಓಡುವ ವೀರನಿಲ್ಲ, ಕತ್ತಿಯಿಲ್ಲ, ಕೋಟೆಯಿಲ್ಲ. ಕಪ್ಪು ನೀಲಿ ಬಣ್ಣದ ಪರದೆ, ಒಂದು ಪ್ರಪಂಚದ ಭೂಪಟ, ಕೆಲವು ಗುಂಡಿಗಳು, ಇಷ್ಟೇ ರಂಗಸಜ್ಜಿಕೆ. ಆಡುವವನು ಅಪ್‌ಲಿಂಕ್ ಎಂಬ ಕಂಪನಿಯ ಬಾಡಿಗೆ ಕಳ್ಳ. ಯಾರದೋ ಕಡತವನ್ನು ಕದಿಯಬೇಕು, ಯಾರದೋ ಕಂಪ್ಯೂಟರನ್ನು ಹಾಳುಮಾಡಬೇಕು, ಯಾರದೋ ದಾಖಲೆಯನ್ನು ತಿದ್ದಬೇಕು. ಕೆಲಸ ಮುಗಿದರೆ ಹಣ ಬರುತ್ತದೆ, ಆ ಹಣದಿಂದ ಇನ್ನೂ ಹರಿತವಾದ ಆಯುಧಗಳನ್ನು ಕೊಳ್ಳಬಹುದು. ಪರದೆಯ ಮೇಲೆ ಅಕ್ಷರಗಳು ತಿರುತಿರುಗಿ ಒಂದೊಂದಾಗಿ ನಿಂತು ಗುಪ್ತಪದ ಬಯಲಾಗುತ್ತದೆ. ನಿಜವಾದ ಕನ್ನ ಹೀಗೆ ನಡೆಯುವುದಿಲ್ಲ. ಇದು ‘ವಾರ್‌ಗೇಮ್ಸ್’ (1983), ‘ಸ್ನೀಕರ್ಸ್’ (1992) ಮೊದಲಾದ ಚಲನಚಿತ್ರಗಳು ಕಲಿಸಿಕೊಟ್ಟ ಕನ್ನ.

ನಿಜದ ಕಥೆ ಬೇಕೆಂದರೆ ಬೇರೆ ಕಡೆ ನೋಡಬೇಕು. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಶಾಲೆಯ ಲೆಕ್ಕದಲ್ಲಿ 75 ಸೆಂಟುಗಳ ವ್ಯತ್ಯಾಸ ಕಂಡುಬಂದಿತು. ಖಗೋಳಶಾಸ್ತ್ರಜ್ಞ ಕ್ಲಿಫರ್ಡ್ ಸ್ಟೋಲ್ ಆ ಚಿಲ್ಲರೆಯ ಜಾಡು ಹಿಡಿದು, ಹಲವು ಜಾಲಗಳನ್ನು ದಾಟಿ, ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರದಲ್ಲಿದ್ದ ಕಳ್ಳನವರೆಗೆ ತಲುಪಬೇಕಾದರೆ ತಿಂಗಳುಗಳೇ ಹಿಡಿದವು. ಈ ವೃತ್ತಾಂತವನ್ನು ಅವರು ‘ದಿ ಕುಕೂಸ್ ಎಗ್’ (1989) ಎಂಬ ಪುಸ್ತಕದಲ್ಲಿ ಬರೆದಿದ್ದಾರೆ. ‘ಅಪ್‌ಲಿಂಕ್’ ಇಂಥ ತಿಂಗಳುಗಳನ್ನು ಕೆಲವು ನಿಮಿಷಗಳಿಗೆ ಇಳಿಸುತ್ತದೆ. ಇದು ಸುಳ್ಳಲ್ಲವೆ ಎಂದು ಕೇಳಬಹುದು. ಸುಳ್ಳೇ. ಆದರೆ ಹದಿನೆಂಟು ದಿನಗಳ ಯುದ್ಧವನ್ನು ಒಂದು ಸಂಜೆಯಲ್ಲಿ ಮುಗಿಸುವ ಯಕ್ಷಗಾನವನ್ನು ನಾವು ಸುಳ್ಳೆಂದು ತಳ್ಳುವುದಿಲ್ಲ. ಕಲೆಯಲ್ಲಿ ಕೇಳಬೇಕಾದುದು ವಿವರದ ಸತ್ಯವನ್ನಲ್ಲ, ಭಾವದ ಸತ್ಯವನ್ನು.

ಇಲ್ಲಿನ ಭಾವ ಭಯ. ಕಳ್ಳನು ತನ್ನ ಗುರಿಯನ್ನು ನೇರವಾಗಿ ಮುಟ್ಟುವಂತಿಲ್ಲ. ಭೂಪಟದ ಮೇಲೆ ಊರಿಂದೂರಿಗೆ ಗೆರೆ ಎಳೆದು, ಹತ್ತಾರು ಕಂಪ್ಯೂಟರುಗಳ ಬೆನ್ನ ಹಿಂದೆ ಅಡಗಿ ಹೋಗಬೇಕು. ಒಳಹೊಕ್ಕ ಕೂಡಲೆ ಎದುರಾಳಿಯು ಆ ಗೆರೆಯ ಜಾಡನ್ನು ಹಿಂದಕ್ಕೆ ಹಿಡಿಯತೊಡಗುತ್ತಾನೆ. ಅವನು ಸಮೀಪಿಸಿದಂತೆಲ್ಲ ಒಂದು ಸಣ್ಣ ಸದ್ದು ಬೇಗ ಬೇಗ ಬಡಿಯುತ್ತದೆ. ಎದೆಯ ಬಡಿತಕ್ಕೂ ಆ ಸದ್ದಿಗೂ ವ್ಯತ್ಯಾಸ ತಿಳಿಯದಂಥ ಗಳಿಗೆಯೊಂದು ಬರುತ್ತದೆ. ಆಲಂಕಾರಿಕರು ಹೇಳುವ ಅನುಭಾವಗಳನ್ನು, ಕೈ ನಡುಗುವುದನ್ನೂ ಬೆವರುವುದನ್ನೂ, ಇಲ್ಲಿ ನಟನಲ್ಲಿ ಕಾಣಬೇಕಾಗಿಲ್ಲ, ನಮ್ಮಲ್ಲಿಯೇ ಕಾಣಬಹುದು.

ಇದಕ್ಕಿಂತ ಸೂಕ್ಷ್ಮವಾದುದು ಎರಡನೆಯ ಭಯ. ಸಮಯಕ್ಕೆ ಸರಿಯಾಗಿ ಹೊರಬಂದವನೂ ಉಳಿದನೆಂದು ಹೇಳುವಂತಿಲ್ಲ. ಹಾದುಹೋದ ದಾರಿಯ ಮೊದಲ ಕಂಪ್ಯೂಟರಿಗೆ ಹಿಂದಿರುಗಿ, ಅಲ್ಲಿ ತಾನು ಬಂದು ಹೋದುದರ ದಾಖಲೆಯನ್ನು ಅಳಿಸದಿದ್ದರೆ, ಕೆಲವು ದಿನಗಳ ಮೇಲೆ ಎಲ್ಲವೂ ಶಾಂತವಾಗಿದೆಯೆಂದು ನಂಬಿರುವಾಗ, ಮೆಲ್ಲನೆ ಕೈ ಬಂದು ಹೆಗಲ ಮೇಲೆ ಬೀಳುತ್ತದೆ. ಅಳಿಸುವ ಉಪಕರಣ ಅಗ್ಗದ್ದಾದರೆ ಅಳಿಸಿದ ಗುರುತೇ ಉಳಿಯುತ್ತದೆ. ನಡೆದವನಿಗೆ ಹೆಜ್ಜೆಯುಂಟು, ಹೆಜ್ಜೆಗೆ ಗುರುತುಂಟು ಎಂಬ ಹಳೆಯ ಮಾತನ್ನು ಇಷ್ಟು ಮನಮುಟ್ಟುವಂತೆ ಹೇಳಿದ ಆಟ ಇನ್ನೊಂದನ್ನು ನಾನು ಕಂಡಿಲ್ಲ.

ಆದರೆ ಗಮನಿಸಬೇಕಾದ ಮಾತೊಂದಿದೆ. ಈ ಭಯವೆಲ್ಲ ನಮ್ಮನ್ನು ಕುರಿತದ್ದೇ. ಕನ್ನ ಹೊಡೆಸಿಕೊಂಡವನನ್ನು ಕುರಿತು ಆಟವು ಒಂದು ನಿಟ್ಟುಸಿರನ್ನೂ ಬಿಡುವುದಿಲ್ಲ. ವಿದ್ಯಾರ್ಹತೆಯ ದಾಖಲೆಯನ್ನು ತಿದ್ದುವ ಕೆಲಸ ಬರುತ್ತದೆ. ಹೆಸರನ್ನು ಹುಡುಕಿ, ಒಂದು ಸಾಲನ್ನು ಬದಲಿಸಿ, ಹೊರಬಂದರೆ ಆಯಿತು. ಕಾಲೇಜಿನ ಅಂಕಪಟ್ಟಿಗಳ ನಡುವೆ ದಿನ ಕಳೆಯುವ ನನ್ನಂಥವನಿಗೆ ಆ ಒಂದು ಸಾಲಿನ ತೂಕ ಗೊತ್ತು. ಅದರ ಹಿಂದೆ ಮೂರು ವರ್ಷಗಳ ಓದಿರುತ್ತದೆ, ಸಾಲ ಮಾಡಿ ಕಟ್ಟಿದ ಶುಲ್ಕವಿರುತ್ತದೆ, ಊರಿನಲ್ಲಿ ಕಾದು ಕುಳಿತ ತಾಯಿಯಿರುತ್ತಾಳೆ. ಪರದೆಯ ಮೇಲೆ ಇದಾವುದೂ ಇಲ್ಲ. ಮುಂದೆ ಇನ್ನೂ ಕಠಿನವಾದ ಕೆಲಸಗಳು ಬರುತ್ತವೆ: ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಮಾಡದ ಅಪರಾಧವನ್ನು ಪೋಲೀಸರ ದಾಖಲೆಗೆ ಸೇರಿಸಿ ಅವನನ್ನು ಸೆರೆಗೆ ತಳ್ಳಬೇಕು. ಆತ ಯಾರು, ಯಾರ ಹಗೆ, ಏಕೆ ಎಂದು ಯಾರೂ ಹೇಳುವುದಿಲ್ಲ. ಹಣ ಖಾತೆಗೆ ಬಂದು ಬೀಳುತ್ತದೆ. ಮುಂದಿನ ಕೆಲಸದ ಪಟ್ಟಿ ತೆರೆಯುತ್ತದೆ.

ಮನುಷ್ಯನ ಸ್ವರ ಕೇಳಿಬರುವ ಅಪರೂಪದ ಪ್ರಸಂಗವೊಂದಿದೆ. ಧ್ವನಿಯನ್ನೇ ಬೀಗವಾಗಿ ಇಟ್ಟುಕೊಂಡ ಕಂಪ್ಯೂಟರುಗಳ ಮೇಲಧಿಕಾರಿಗೆ ಫೋನ್ ಮಾಡಬೇಕು. ಆತ ಮಾತನಾಡುತ್ತಾನೆ, ನಾವು ಉತ್ತರ ಕೊಡುವುದಿಲ್ಲ. ಅವನ ಕಂಠವನ್ನು ಮುದ್ರಿಸಿಕೊಂಡು ಅದನ್ನೇ ಕೀಲಿಕೈ ಮಾಡಿಕೊಂಡು ಒಳನುಗ್ಗುತ್ತೇವೆ. ಒಬ್ಬನ ಮಾತು ನಮಗೆ ಬಂದು ತಲುಪಿತು, ಆದರೆ ಮಾತಾಗಿ ಅಲ್ಲ, ಸಲಕರಣೆಯಾಗಿ. ಇಡೀ ಆಟದ ಧ್ವನ್ಯರ್ಥ ಇಲ್ಲಿದೆಯೆಂದು ನನಗೆ ತೋರುತ್ತದೆ.

ಹಾಗಾದರೆ ಇದು ಅನೀತಿಯನ್ನು ಕಲಿಸುವ ಆಟವೆ? ಮಕ್ಕಳ ಕೈಗೆ ಕೊಡಬಾರದ್ದೆ? ಇಂಥ ಮಾತುಗಳು ಸುಲಭವಾಗಿ ಬಾಯಿಗೆ ಬರುತ್ತವೆ. ಆಟದಲ್ಲಿ ಪಾಪಪುಣ್ಯದ ಉಪದೇಶವನ್ನು ತುರುಕಿದ್ದರೆ ನಾವು ತಲೆದೂಗಿ ಮರೆತುಬಿಡುತ್ತಿದ್ದೆವು. ಏನನ್ನೂ ಹೇಳದೆ ಬಿಟ್ಟುದರಿಂದ, ಸೆರೆಗೆ ಹೋದ ಆ ಅಪರಿಚಿತನ ಹೆಸರು ರಾತ್ರಿ ದೀಪ ಆರಿಸಿದ ಮೇಲೆ ಮನಸ್ಸಿಗೆ ಬರುತ್ತದೆ. ತೀರ್ಪನ್ನು ಕೊಡದ ಕೃತಿಯು ತೀರ್ಪಿನ ಹೊಣೆಯನ್ನು ಆಡುವವನ ಮೇಲೆ ಹೊರಿಸುತ್ತದೆ. ಹೊರಲಾರದವನು ಹೊರದೆಯೇ ಹೋಗಬಹುದೆಂಬುದೂ ನಿಜ. ಈ ದಾರಿಯ ಅಪಾಯ ಅದು.

ದೋಷಗಳನ್ನೂ ಹೇಳಬೇಕು. ಕೆಲಸಗಳು ಬೇಗನೆ ಒಂದೇ ಅಚ್ಚಿಗೆ ಬೀಳುತ್ತವೆ. ಇಪ್ಪತ್ತನೆಯ ಕನ್ನ ಹತ್ತನೆಯ ಕನ್ನದ ನಕಲು. ಇದನ್ನು ತುಂಬಲೆಂದೋ ಏನೋ, ಕರ್ತೃಗಳು ಒಂದು ದೊಡ್ಡ ಕಥೆಯನ್ನು ಜೋಡಿಸಿದ್ದಾರೆ. ಒಂದು ಕಂಪನಿ ಇಂಟರ್‌ನೆಟ್ಟನ್ನೇ ನಾಶಮಾಡಲು ‘ರೆವೆಲೇಷನ್’ ಎಂಬ ವೈರಸ್ಸನ್ನು ಕಟ್ಟುತ್ತದೆ. ಇನ್ನೊಂದು ಅದಕ್ಕೆ ಪ್ರತಿಯಾಗಿ ‘ಫೇತ್’ ಎಂಬುದನ್ನು ಸಿದ್ಧಪಡಿಸುತ್ತದೆ. ಯಾವ ಪಕ್ಷವನ್ನು ಸೇರಬೇಕೆಂಬುದು ನಮ್ಮ ಆಯ್ಕೆ. ಲೋಕಸಂಹಾರದ ಕಲ್ಪನೆಗೆ ಆಧಾರವಿಲ್ಲದೆ ಇಲ್ಲ. 1988ರ ನವೆಂಬರಿನಲ್ಲಿ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಒಂದು ‘ಹುಳು’ ಅಂದಿನ ಇಂಟರ್‌ನೆಟ್ಟಿನ ಸಾವಿರಾರು ಕಂಪ್ಯೂಟರುಗಳನ್ನು ಕಂಗೆಡಿಸಿತ್ತು. ಆದರೂ ಈ ಕಥೆಯಲ್ಲಿ ಔಚಿತ್ಯ ಸಾಲದು. ಒಬ್ಬನ ದಾಖಲೆಯ ಒಂದು ಸಾಲಿನಲ್ಲಿ ಹುಟ್ಟುತ್ತಿದ್ದ ನಡುಕ, ಲೋಕವೇ ಮುಳುಗುವಾಗ ಹುಟ್ಟುವುದಿಲ್ಲ. ದೇವತೆಯೂ ದೈತ್ಯನೂ ಬಂದು ನಿಂತರೆ ಕಳ್ಳನ ಕೆಲಸ ಹಗುರವಾಗುತ್ತದೆ. ಯಾವುದೋ ಒಂದು ಪಕ್ಷವನ್ನು ಹಿಡಿದು ಆತ ತನ್ನನ್ನು ವೀರನೆಂದು ತಿಳಿದುಕೊಳ್ಳಬಹುದು.

ಆಟದ ಗೆಲವು ಇರುವುದು ಆ ಕೊನೆಯಲ್ಲಿ ಅಲ್ಲ, ಸಿಕ್ಕಿಬಿದ್ದವನ ಕೊನೆಯಲ್ಲಿ. ಬೇರೆ ಆಟಗಳಲ್ಲಿ ಸತ್ತವನು ಹಿಂದಿನ ಮೆಟ್ಟಿಲಿಂದ ಎದ್ದು ಬರುತ್ತಾನೆ. ಇಲ್ಲಿ ಸಿಕ್ಕಿಬಿದ್ದವನನ್ನು ಕಂಪನಿಯು ತನ್ನವನಲ್ಲವೆಂದು ಕೈಬಿಡುತ್ತದೆ. ವಾರಗಟ್ಟಲೆ ಗಳಿಸಿದ ಹಣ, ಹೆಸರು, ಸಲಕರಣೆಗಳೆಲ್ಲ ಹೋಗುತ್ತವೆ. ಹೊಸ ಹೆಸರಿನಿಂದ ಮತ್ತೆ ಮೊದಲಿಂದ ತೊಡಗಬೇಕು. ಕೂಗಿಲ್ಲ, ರಕ್ತವಿಲ್ಲ, ಅಳುವವರಿಲ್ಲ. ಇತರರನ್ನು ಒಂದೊಂದು ಸಾಲಾಗಿ ಕಂಡು ತಿದ್ದುತ್ತಾ ಬಂದವನು ತಾನೂ ಯಾರದೋ ಪಟ್ಟಿಯಲ್ಲಿ ಒಂದು ಸಾಲಾಗಿದ್ದನೆಂಬುದು ಆಗ ತಿಳಿಯುತ್ತದೆ. ಹುಟ್ಟು, ಓದು, ಉಳಿತಾಯ, ರೋಗ ಎಲ್ಲವನ್ನೂ ಎಲ್ಲೋ ಇರುವ ಯಂತ್ರಗಳಿಗೆ ಒಪ್ಪಿಸಿ ನೆಮ್ಮದಿಯಾಗಿರುವ ನಮಗೆ ಈ ತಿಳಿವಳಿಕೆ ಬೇಕಾದುದೇ. ಅಗ್ಗದ ಕಂಪ್ಯೂಟರಿನಲ್ಲಿಯೂ ನಡೆಯುವ ಈ ಆಟವನ್ನು, ವಯಸ್ಸು ನಲವತ್ತು ದಾಟಿತೆಂಬ ಸಂಕೋಚವಿಲ್ಲದೆ, ವಾಚಕರು ಒಮ್ಮೆ ಆಡಿ ನೋಡಬಹುದು.